ಕಿಡಿಸಂದು ಎಲ್ಲಿ, ಕೆಪ್ಯಾಸಿಟರು ಎಲ್ಲಿ?



ಈ ಸಲದ ವಿಜ್ಞಾನ ಪಾಠವನ್ನು ನಾವು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ಹಿಂದಿನ ಒಂದು ಸಂಚಿಕೆಯಲ್ಲಿ ಟೆಸ್ಲಾ ಸುರುಳಿಯ ವಿಷಯ ಬರೆಯುತ್ತ, ಅದರ ಜೋಡಣೆಯ ಚಿತ್ರವೊಂದನ್ನು ಕೊಟ್ಟಿದ್ದೆವು. ಕಿಡಿಸಂದು ಮತ್ತು ಕೆಪ್ಯಾಸಿಟರುಗಳ ಸ್ಥಾನವನ್ನು ಅದಲುಬದಲು ಮಾಡಿದರೂ ಅಡ್ಡಿಯಿಲ್ಲ, ಎರಡೂ ಒಂದೇ ಎಂದೂ ಬರೆದಿದ್ದೆವು. ಆ ಮಾತು ಅರ್ಧ ಮಾತ್ರ ನಿಜ. ಉಳಿದ ಅರ್ಧಕ್ಕೆ ನಮ್ಮ ವಾಚನಾಲಯದ ಒಬ್ಬ ತರುಣ ದಂಡ ತೆರಬೇಕಾಯಿತು. ನಾವೇನೂ ಇಂಜಿನಿಯರರಲ್ಲ, ಮೆಟ್ರಿಕ್‌ವರೆಗೆ ಓದಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೆ ಖಾತೆಯಲ್ಲಿ ತಪ್ಪು ಬಿದ್ದರೆ ಕೆಂಪು ಶಾಯಿಯಿಂದ ತಿದ್ದಿ, ಪಕ್ಕದಲ್ಲಿ ಸಹಿ ಹಾಕುವ ಪದ್ಧತಿ ನಮಗೆ ಗೊತ್ತು. ಈ ಲೇಖನ ಅಂಥ ತಿದ್ದುಪಡಿ.

ನಡೆದದ್ದೇನು?

ಈಗ ಅಂಗಡಿಗಳ ನಿಯಾನ್ ಫಲಕಗಳು ಹೋಗಿ ಎಲ್‌ಇಡಿ ಫಲಕಗಳು ಬಂದಿವೆ. ನಿಯಾನ್ ಫಲಕದ ಹಳೆಯ ಟ್ರಾನ್ಸ್‌ಫಾರ್ಮರುಗಳು ಗುಜರಿಯಲ್ಲಿ ಸಿಗುತ್ತವೆ. ನಮ್ಮ ತರುಣ ಅಂಥದೊಂದನ್ನು ಕೊಂಡು ತಂದ. 230 ವೋಲ್ಟು ಕೊಟ್ಟರೆ 15,000 ವೋಲ್ಟು, 30 ಮಿಲಿಆಂಪಿಯರು ಕೊಡುವ, ಕಬ್ಬಿಣದ ತಿರುಳಿನ ಭಾರವಾದ ಪೆಟ್ಟಿಗೆ. ಹತ್ತು ಗಾಜಿನ ಸೀಸೆಗಳಿಗೆ ಉಪ್ಪುನೀರು ತುಂಬಿ, ಹೊರಗೆ ತಗಡಿನ ಹಾಳೆ ಸುತ್ತಿ ಕೆಪ್ಯಾಸಿಟರು ಮಾಡಿದ. ರಾಜ್ಯೋತ್ಸವದ ದಿನ ಸಂಘದ ಮಕ್ಕಳಿಗೆ ತೋರಿಸಬೇಕೆಂಬ ಉತ್ಸಾಹ. ಚಿತ್ರ ಬರೆದುಕೊಟ್ಟವರು ನಾವೇ.

ಸ್ವಿಚ್ಚು ಹಾಕಿ ಐದು ನಿಮಿಷವೂ ಆಗಿರಲಿಲ್ಲ. ಕಿಡಿ ಚಟಚಟನೆ ಹಾರುತ್ತಿದ್ದದ್ದು ನಿಂತುಹೋಯಿತು; ಟ್ರಾನ್ಸ್‌ಫಾರ್ಮರಿನಿಂದ ಸುಟ್ಟ ಡಾಂಬರಿನ ವಾಸನೆ ಬಂತು. ಹುಡುಗ ಸ್ವಿಚ್ಚು ತೆಗೆದು, ಪ್ಲಗ್ಗನ್ನೂ ಕಿತ್ತು, ಯಾವ ತಂತಿ ಬಿಟ್ಟಿದೆಯೋ ನೋಡಲು ಸೀಸೆಗಳ ಕಡೆಗೆ ಕೈ ಚಾಚಿದ. ಪಕ್ಕದಲ್ಲಿದ್ದ ವಯಸ್ಸಾದ ವೈರ್‌ಮನ್ ಒಬ್ಬರು, ವಿಜಯಪುರದ ಕಡೆಯವರು, ಆತನ ರಟ್ಟೆ ಹಿಡಿದು ಎಳೆದರು.

"ತಮ್ಮಾ, ಕೈ ತಗೀ! ಹೊರಗಿನ ಕರೆಂಟ್ ಹೋಗ್ಯದ, ಅದರ ಹೊಟ್ಟ್ಯಾಗ ಇನ್ನೂ ಅದ."

"ಪ್ಲಗ್ ಕಿತ್ತೀನಲ್ಲ ಕಾಕಾ?"

ಅವರು ಉತ್ತರ ಕೊಡಲಿಲ್ಲ. ಒಣ ಪಿವಿಸಿ ಪೈಪಿನ ತುದಿಗೆ ತಂತಿ ಕಟ್ಟಿ, ದೂರದಿಂದ ಸೀಸೆಗಳ ಎರಡು ಕಡೆಗೂ ಮುಟ್ಟಿಸಿದರು. ಪಟಾಕಿ ಸಿಡಿದಂತೆ ಸದ್ದಾಗಿ ನೀಲಿ ಬೆಳಕು ಹಾರಿತು. ಹುಡುಗನ ಮುಖ ಬಿಳಿಚಿಕೊಂಡಿತು. ನಮ್ಮದೂ.

ತಿಂಗಳ ಉಳಿತಾಯ ಹೋದದ್ದು ಒಂದು ನಷ್ಟ. ಹೋಗಬಹುದಾಗಿದ್ದದ್ದನ್ನು ನೆನೆದರೆ ಅದೇನೂ ಅಲ್ಲ. ತಪ್ಪು ಎಲ್ಲಿತ್ತು ಎಂದು ಅಂದಿನಿಂದ ಓದಿ, ಕೇಳಿ, ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ಕೆಳಗೆ ಕೊಡುತ್ತಿದ್ದೇವೆ.

ಟೆಸ್ಲಾ ಮತ್ತು ಆತನ ಸುರುಳಿ

ನಿಕೋಲಾ ಟೆಸ್ಲಾ 1856ರಲ್ಲಿ, ಇಂದಿನ ಕ್ರೊಯೇಷಿಯಾ ದೇಶದಲ್ಲಿರುವ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ ಹುಟ್ಟಿದ. 1884ರಲ್ಲಿ ಹೊಟ್ಟೆಪಾಡಿಗಾಗಿ ಅಮೆರಿಕೆಗೆ ಹೋದ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಸಂಗತಿ ಹತ್ತಿರದ್ದೆನಿಸುತ್ತದೆ. 1891ರ ಮೇ 20ರಂದು ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ವಿದ್ಯುತ್ ಇಂಜಿನಿಯರುಗಳ ಮುಂದೆ, ತಂತಿ ಜೋಡಿಸದೆಯೇ ಗಾಜಿನ ಕೊಳವೆಗಳು ಬೆಳಗುವುದನ್ನು ತೋರಿಸಿದ. ಅದೇ ವರ್ಷ ಈ ಸುರುಳಿಯ ಜೋಡಣೆಗೆ ಹಕ್ಕುಪತ್ರವೂ ದೊರೆಯಿತು. 1899ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್ ಎಂಬಲ್ಲಿ ಬಹು ದೊಡ್ಡ ಸುರುಳಿ ಕಟ್ಟಿ ಪ್ರಯೋಗ ಮಾಡಿದ. 1943ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ. 1960ರಲ್ಲಿ ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನಕ್ಕೆ 'ಟೆಸ್ಲಾ' ಎಂದೇ ಹೆಸರಿಟ್ಟರು.

ಕಿಡಿಸಂದು, ಕೆಪ್ಯಾಸಿಟರು, ಸುರುಳಿ ಈ ಮೂರರ ಕೂಟ ಕೇವಲ ಆಟಿಕೆಯಲ್ಲ. ಮೊದಮೊದಲ ನಿಸ್ತಂತು ಯಂತ್ರಗಳ ಹೃದಯವೇ ಇದು. 1912ರಲ್ಲಿ ಮುಳುಗುತ್ತಿದ್ದ ಟೈಟಾನಿಕ್ ಹಡಗು ಸಹಾಯಕ್ಕೆ ಕೂಗಿದ್ದು ಇಂಥ ಕಿಡಿಯ ಯಂತ್ರದಿಂದಲೇ.

ಕೆರೆ, ತೂಬು, ಕಾಲುವೆ

ಅಂಗಗಳನ್ನು ಒಂದೊಂದಾಗಿ ನೋಡೋಣ.

ಟ್ರಾನ್ಸ್‌ಫಾರ್ಮರು ನೀರೆತ್ತುವ ಪಂಪಿನಂತೆ. ಸ್ವಲ್ಪಸ್ವಲ್ಪವೇ ಎತ್ತುತ್ತದೆ, ಆದರೆ ಎತ್ತರಕ್ಕೆ ಎತ್ತುತ್ತದೆ. ಕೆಪ್ಯಾಸಿಟರು (ಹಿಂದಿನವರು ಕಂಡೆನ್ಸರು ಎನ್ನುತ್ತಿದ್ದರು) ಆ ನೀರು ತುಂಬಿಕೊಳ್ಳುವ ಕೆರೆ. ಕಿಡಿಸಂದು ಎಂದರೆ ಎರಡು ಲೋಹದ ತುಂಡುಗಳ ನಡುವೆ ಬಿಟ್ಟ ಗಾಳಿಯ ಸಂದು. ಅದು ಕೆರೆಯ ತೂಬು. ಒಂದು ಮಟ್ಟದವರೆಗೆ ಬಿಗಿಯಾಗಿ ಮುಚ್ಚಿರುತ್ತದೆ. ಮಟ್ಟ ಮೀರಿದೊಡನೆ ಗಾಳಿ ಒಡೆದು ಕಿಡಿ ಹಾರಿ, ತೂಬು ಪೂರಾ ತೆರೆಯುತ್ತದೆ. ಪ್ರಾಥಮಿಕ ಸುರುಳಿ, ಅಂದರೆ ದಪ್ಪ ತಾಮ್ರದ ಹತ್ತಾರು ಸುತ್ತು, ನೀರು ಧುಮುಕುವ ಕಾಲುವೆ.

ಹೋಲಿಕೆ ಇಲ್ಲಿಗೆ ಸಾಕು, ಏಕೆಂದರೆ ಮುಂದೆ ನಡೆಯುವುದು ಕೆರೆಯಲ್ಲಿ ನಡೆಯುವುದಿಲ್ಲ. ಧುಮುಕಿದ ವಿದ್ಯುತ್ತು ಸುರುಳಿಯಲ್ಲಿ ವೇಗ ಪಡೆದು, ನಿಲ್ಲಲಾರದೆ ಕೆಪ್ಯಾಸಿಟರನ್ನು ಉಲ್ಟಾ ದಿಕ್ಕಿನಲ್ಲಿ ತುಂಬುತ್ತದೆ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಮಗ್ಗದ ಲಾಳಿ ಎಡಕ್ಕೂ ಬಲಕ್ಕೂ ಓಡಾಡಿದಂತೆ. ಇದಕ್ಕೆ ಆಂದೋಲನ ಎನ್ನುತ್ತಾರೆ. ಇದರ ಪಕ್ಕದಲ್ಲಿ ಸಣ್ಣ ತಂತಿಯ ಸಾವಿರದಷ್ಟು ಸುತ್ತಿನ ದ್ವಿತೀಯ ಸುರುಳಿ ನಿಂತಿರುತ್ತದೆ. ಎರಡರ ಆಂದೋಲನದ ಲೆಕ್ಕ ಒಂದೇ ಆಗಿದ್ದರೆ, ಒಂದು ತಂಬೂರಿಯ ತಂತಿ ಮೀಟಿದಾಗ ಅದೇ ಶ್ರುತಿಯ ಇನ್ನೊಂದು ತಂತಿ ತಾನಾಗಿ ಮಿಡಿಯುವಂತೆ, ಶಕ್ತಿಯೆಲ್ಲ ಅದಕ್ಕೆ ಸಾಗಿ ತುದಿಯಲ್ಲಿ ಮಿಂಚು ಹಾರುತ್ತದೆ.

ಲೆಕ್ಕ ಹಾಕಿ ನೋಡೋಣ

ಟ್ರಾನ್ಸ್‌ಫಾರ್ಮರಿನ 15,000 ವೋಲ್ಟು ಎಂಬುದು ಒಂದು ಬಗೆಯ ಸರಾಸರಿ. ಅಲೆಯ ಶಿಖರ ಇದರ 1.414 ಪಟ್ಟು, ಅಂದರೆ ಸುಮಾರು 21,200 ವೋಲ್ಟು. ಕೆಪ್ಯಾಸಿಟರು 0.01 ಮೈಕ್ರೊಫ್ಯಾರಡ್, ಪ್ರಾಥಮಿಕ ಸುರುಳಿಯ ಪ್ರೇರಕತೆ 100 ಮೈಕ್ರೊಹೆನ್ರಿ ಎಂದಿಟ್ಟುಕೊಳ್ಳೋಣ.

ತುಂಬಿದ ಕೆಪ್ಯಾಸಿಟರಿನ ಶಕ್ತಿ: ಫ್ಯಾರಡ್‌ನ ಅರ್ಧವನ್ನು ವೋಲ್ಟಿನ ವರ್ಗದಿಂದ ಗುಣಿಸಿದರೆ 2.25 ಜೂಲ್. ಒಂದು ಕಿಲೋ ಬೆಲ್ಲವನ್ನು ನೆಲದಿಂದ 23 ಸೆಂಟಿಮೀಟರು ಎತ್ತುವಷ್ಟೇ ಶಕ್ತಿ. ಇಷ್ಟೇಯೇ ಎನ್ನಬೇಡಿ. ಈ ಸುರುಳಿ ಮತ್ತು ಕೆಪ್ಯಾಸಿಟರು ಕೂಡಿದರೆ ಆಂದೋಲನ ಸೆಕೆಂಡಿಗೆ ಸುಮಾರು 1,59,000 ಸಲ. ಆದ್ದರಿಂದ ಆ ಶಕ್ತಿಯೆಲ್ಲ ಕೆಪ್ಯಾಸಿಟರಿನಿಂದ ಹೊರಬೀಳಲು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೂವರೆ ಭಾಗದಷ್ಟು ಸಮಯ ಸಾಕು. ಆಗ ಹರಿಯುವ ಪ್ರವಾಹದ ಶಿಖರ 212 ಆಂಪಿಯರು! ಟ್ರಾನ್ಸ್‌ಫಾರ್ಮರು ಕೊಡುವುದು 30 ಮಿಲಿಆಂಪಿಯರು. ಕಿಡಿಯ ಬಳೆಯಲ್ಲಿ ಓಡುವುದು ಅದರ 7,000 ಪಟ್ಟು. ತಿಂಗಳೆಲ್ಲ ಪೈಸೆಪೈಸೆ ಕೂಡಿಟ್ಟು ಜಾತ್ರೆಯಲ್ಲಿ ಒಂದೇ ಗಂಟೆಯಲ್ಲಿ ಖರ್ಚು ಮಾಡಿದಂತೆ.

ಇದರಿಂದ ಮೊದಲ ಪಾಠ: ಕಿಡಿಸಂದು, ಕೆಪ್ಯಾಸಿಟರು, ಪ್ರಾಥಮಿಕ ಸುರುಳಿ ಈ ಮೂರನ್ನು ಕೂಡಿಸುವ ದಾರಿ ಗಿಡ್ಡವಾಗಿ, ಅಗಲವಾಗಿ ಇರಬೇಕು. ಇಷ್ಟು ವೇಗದ ಪ್ರವಾಹ ತಾಮ್ರದ ಒಳಗೆ ಇಳಿಯುವುದಿಲ್ಲ. ಮೇಲ್ಮೈಯಲ್ಲೇ, ಮಿಲಿಮೀಟರಿನ ಆರನೆಯ ಒಂದು ಭಾಗದಷ್ಟು ಆಳದಲ್ಲಿ ಹರಿಯುತ್ತದೆ. ಆದ್ದರಿಂದ ಗಟ್ಟಿ ಸರಳಿನ ಬದಲು ತಾಮ್ರದ ಪೈಪು ಸಾಕು. ಟ್ರಾನ್ಸ್‌ಫಾರ್ಮರಿನಿಂದ ಬರುವ ತಂತಿ ಸಣ್ಣದಿದ್ದರೂ ನಡೆಯುತ್ತದೆ. ಅದರ ಹೊದಿಕೆ ಮಾತ್ರ ಭದ್ರವಾಗಿರಬೇಕು.

ಎರಡು ಚಿತ್ರ

ಈಗ ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಎಡಗಡೆ ಟ್ರಾನ್ಸ್‌ಫಾರ್ಮರು ಬರೆದು, ಅದರ ಎರಡು ತುದಿಗಳಿಗೆ ಅ, ಬ ಎಂದು ಹೆಸರಿಡಿ.

ಮೊದಲನೆಯ ಚಿತ್ರ: ಅ ಮತ್ತು ಬಗಳ ನಡುವೆ ನೇರವಾಗಿ ಕಿಡಿಸಂದು. ಅ ತುದಿಯಿಂದಲೇ ಕೆಪ್ಯಾಸಿಟರಿಗೆ, ಅಲ್ಲಿಂದ ಪ್ರಾಥಮಿಕ ಸುರುಳಿಗೆ, ಸುರುಳಿಯಿಂದ ಬ ತುದಿಗೆ.

ಎರಡನೆಯ ಚಿತ್ರ: ಅ ಮತ್ತು ಬಗಳ ನಡುವೆ ನೇರವಾಗಿ ಕೆಪ್ಯಾಸಿಟರು. ಅ ತುದಿಯಿಂದ ಕಿಡಿಸಂದಿಗೆ, ಅಲ್ಲಿಂದ ಪ್ರಾಥಮಿಕ ಸುರುಳಿಗೆ, ಸುರುಳಿಯಿಂದ ಬ ತುದಿಗೆ.

ಎರಡು ಚಿತ್ರಗಳಲ್ಲೂ ಟ್ರಾನ್ಸ್‌ಫಾರ್ಮರನ್ನು ಕೈಯಿಂದ ಮುಚ್ಚಿ ನೋಡಿ. ಉಳಿಯುವುದು ಮೂರು ಅಂಗಗಳ ಒಂದು ಬಳೆ. ಮೂವರು ಕೈಕೈ ಹಿಡಿದು ಸುತ್ತ ನಿಂತರೆ ಯಾರ ಪಕ್ಕ ಯಾರು ಎಂಬ ಪ್ರಶ್ನೆಯೇ ಇಲ್ಲ. ಆಂದೋಲನದ ಮಟ್ಟಿಗೆ ಎರಡೂ ಒಂದೇ. ನಾವು ಬರೆದ ಅರ್ಧ ಸತ್ಯ ಇದು.

ಕೆಲವರು ಮೊದಲನೆಯ ಚಿತ್ರ ನೋಡಿ, ಕೆಪ್ಯಾಸಿಟರು ಸುರುಳಿಯ ಹಿಂದೆ ಇದೆಯಲ್ಲ, ಅದು ತುಂಬುವುದು ಹೇಗೆ ಎಂದು ಕೇಳುತ್ತಾರೆ. ನಮಗೂ ಆ ಸಂಶಯ ಇತ್ತು. 50 ಸೈಕಲ್ಲಿನ ಮನೆಯ ವಿದ್ಯುತ್ತಿಗೆ ಆ ಸುರುಳಿ ಒಡ್ಡುವ ತಡೆ ಒಂದು ಓಂನ ನೂರರಲ್ಲಿ ಮೂರು ಭಾಗ ಮಾತ್ರ. ಅದು ಬರಿಯ ತಂತಿಯೇ ಸರಿ. ಕೆಪ್ಯಾಸಿಟರು ಸರಾಗವಾಗಿ ತುಂಬುತ್ತದೆ.

ವ್ಯತ್ಯಾಸ ಎಲ್ಲಿ?

ಈಗ ಕೈ ತೆಗೆದು ಟ್ರಾನ್ಸ್‌ಫಾರ್ಮರನ್ನು ನೋಡಿ. ಬಳೆಯ ಯಾವ ಅಂಗವನ್ನು ಅದು ಎರಡು ಕೈಯಿಂದ ಹಿಡಿದಿದೆ ಎಂಬುದೇ ಪ್ರಶ್ನೆ.

ಮೊದಲನೆಯ ಚಿತ್ರದಲ್ಲಿ ಅದು ಕಿಡಿಸಂದನ್ನು ಹಿಡಿದಿದೆ. ಕಿಡಿ ಹಾರಿದಾಗ ಸಂದು ಹೆಚ್ಚುಕಡಿಮೆ ತಂತಿಯಂತಾಗುತ್ತದೆ; ಅದರ ಎರಡು ಪಕ್ಕದ ಅಂತರ ಕೆಲವು ನೂರು ವೋಲ್ಟಿಗೆ ಇಳಿಯುತ್ತದೆ. ಬಳೆಯೊಳಗೆ 212 ಆಂಪಿಯರಿನ ಕೋಲಾಹಲ ನಡೆದಿದ್ದರೂ ಟ್ರಾನ್ಸ್‌ಫಾರ್ಮರಿನ ಪಾಲಿಗೆ ಬಾಗಿಲು ಮುಚ್ಚಿದೆ. ಕಿಡಿಯ ಮೂಲಕ ಅದರ ಎರಡು ತುದಿ ಕೂಡಿಹೋದರೆ ಸುಡುವುದಿಲ್ಲವೇ? ನಿಯಾನ್ ಟ್ರಾನ್ಸ್‌ಫಾರ್ಮರು ಸುಡುವುದಿಲ್ಲ. ತುದಿಗಳು ಕೂಡಿದರೂ 30 ಮಿಲಿಆಂಪಿಯರಿಗಿಂತ ಬಹಳ ಹೆಚ್ಚು ಹರಿಯದಂತೆ ಅದರ ತಿರುಳಿನಲ್ಲೇ ಏರ್ಪಾಟಿದೆ.

ಎರಡನೆಯ ಚಿತ್ರದಲ್ಲಿ ಅದು ಕೆಪ್ಯಾಸಿಟರನ್ನು ಹಿಡಿದಿದೆ. ಕಿಡಿ ಹಾರಿದ ಮೇಲೆ ಕೆಪ್ಯಾಸಿಟರಿನ ವೋಲ್ಟು ಒಂದು ದಿಕ್ಕಿನ 21,200ರಿಂದ ಎದುರು ದಿಕ್ಕಿನ ಅಷ್ಟೇ ಎತ್ತರದ ಹತ್ತಿರಕ್ಕೆ ಹೊರಳುತ್ತದೆ, ಅದೂ ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ. ಆಂದೋಲನ ಕುಂದುವವರೆಗೆ ಪ್ರತಿಯೊಂದು ಹೊರಳೂ ನೇರವಾಗಿ ಟ್ರಾನ್ಸ್‌ಫಾರ್ಮರಿನ ಸುತ್ತಿನ ಮೇಲೆ ಬಡಿಯುತ್ತದೆ. ಸೆಕೆಂಡಿಗೆ 50 ಸಲ ಏರಿಳಿಯುವ ವಿದ್ಯುತ್ತಿಗೆ ಮಾಡಿದ ನಿರೋಧಕ ಹೊದಿಕೆ ಅದು. ಇಷ್ಟು ಚೂಪಾದ ಏಟು ಸುತ್ತಿನ ಉದ್ದಕ್ಕೂ ಸಮವಾಗಿ ಹಂಚಿಕೊಳ್ಳುವುದಿಲ್ಲ. ತುದಿಯ ಕೆಲವು ಸುತ್ತುಗಳ ಮೇಲೆಯೇ ಬೀಳುತ್ತದೆ. ಅಲ್ಲಿ ಹೊದಿಕೆ ತೂತಾಗಿ, ಸುಟ್ಟು, ತಂತಿ ತುಂಡಾಗುತ್ತದೆ.

ನಾವು ಬರೆದುಕೊಟ್ಟದ್ದು ಈ ಎರಡನೆಯ ಚಿತ್ರ.

ವೈರ್‌ಮನ್ ಕಾಕಾ ಹೇಳಿದ ಮಾತಿನ ಅರ್ಥವೂ ಈಗ ತಿಳಿಯುತ್ತದೆ. ಟ್ರಾನ್ಸ್‌ಫಾರ್ಮರು ಸರಿಯಿದ್ದಿದ್ದರೆ ಸೀಸೆಗಳಲ್ಲಿ ಉಳಿದದ್ದು ಅದರ ಸುತ್ತಿನ ಮೂಲಕ ಇಳಿದುಹೋಗುತ್ತಿತ್ತು. ಸುತ್ತು ತುಂಡಾಗಿದ್ದರಿಂದ ದಾರಿಯೇ ಇರಲಿಲ್ಲ. ಯಂತ್ರ ಕೆಟ್ಟು ಸುಮ್ಮನಾದ ಆ ಗಳಿಗೆಯೇ ಎಲ್ಲಕ್ಕಿಂತ ಅಪಾಯದ ಗಳಿಗೆ.

ಮೊದಲನೆಯ ಚಿತ್ರವೂ ಪೂರ್ಣ ರಕ್ಷೆಯಲ್ಲ. ಕಿಡಿ ಹಾರುವ ಕ್ಷಣದಲ್ಲಿ ವೋಲ್ಟು ಒಮ್ಮೆಲೇ ಕುಸಿಯುವ ಏಟು ಅಲ್ಲಿಯೂ ಇದೆ. ಅದಕ್ಕೆ ಟ್ರಾನ್ಸ್‌ಫಾರ್ಮರಿನ ಎರಡು ತಂತಿಗಳಲ್ಲೂ ತಲಾ 1,000 ಓಂನ, ತಂತಿ ಸುತ್ತಿದ ದಪ್ಪ ರೆಸಿಸ್ಟರು ಹಾಕುವ ರೂಢಿ ಇದೆ. 30 ಮಿಲಿಆಂಪಿಯರಿಗೆ ಅದು ನುಂಗುವುದು 30 ವೋಲ್ಟು ಮಾತ್ರ. ಏಟಿನ ಚೂಪನ್ನು ಮಾತ್ರ ಮೊಂಡು ಮಾಡುತ್ತದೆ. ಇದರ ಜೊತೆಗೆ ಟ್ರಾನ್ಸ್‌ಫಾರ್ಮರಿಗೆ ಹತ್ತಿರ ಒಂದು ರಕ್ಷಣಾ ಸಂದು ಇರುತ್ತದೆ: ಮೂರು ಗುಂಡು, ನಡುವಿನದು ಭೂಮಿಗೆ, ಉಳಿದೆರಡು ಅ ಮತ್ತು ಬ ತುದಿಗಳಿಗೆ. ಬೇರೇನನ್ನೂ ಜೋಡಿಸದೆ ಟ್ರಾನ್ಸ್‌ಫಾರ್ಮರು ಒಂದನ್ನೇ ಓಡಿಸಿದಾಗ ಕಿಡಿ ಹಾರದಿರುವ, ಆದರೆ ಇನ್ನೇನು ಹಾರಲಿರುವ ಅಂತರಕ್ಕೆ ಅದನ್ನು ನಿಲ್ಲಿಸುತ್ತಾರೆ. ವೋಲ್ಟು ಮಿತಿ ಮೀರಿದರೆ ಅಲ್ಲಿ ಸಿಡಿದು ಹೋಗುತ್ತದೆ.

ಕಿಡಿಸಂದಿನ ಅಂತರ, ಕೆಪ್ಯಾಸಿಟರಿನ ಅಳತೆ

ಎರಡನೆಯ ತಪ್ಪೂ ಒಂದಿತ್ತು. ಹುಡುಗನ ಸೀಸೆಗಳ ಮೊತ್ತ ಸುಮಾರು 0.0065 ಮೈಕ್ರೊಫ್ಯಾರಡ್ ಆಗಿತ್ತು. 15,000 ವೋಲ್ಟನ್ನು 30 ಮಿಲಿಆಂಪಿಯರಿನಿಂದ ಭಾಗಿಸಿದರೆ 5 ಲಕ್ಷ ಓಂ. 50 ಸೈಕಲ್ಲಿನಲ್ಲಿ ಇಷ್ಟೇ ತಡೆ ಒಡ್ಡುವ ಕೆಪ್ಯಾಸಿಟರು 0.0064 ಮೈಕ್ರೊಫ್ಯಾರಡ್. ಎರಡೂ ಸರಿಯಾಗಿ ಹೊಂದಿದರೆ ಒಳ್ಳೆಯದೆಂದು ನಾವೇ ಹೇಳಿದ್ದೆವು. ಆದರೆ ಹಾಗೆ ಹೊಂದಿದಾಗ, ತೊಟ್ಟಿಲನ್ನು ಅದರ ತೂಗಿಗೆ ಸರಿಯಾಗಿ ತಳ್ಳುತ್ತ ಹೋದಂತೆ, ವೋಲ್ಟು ಪ್ರತಿ ಸುತ್ತಿಗೂ ಏರುತ್ತದೆ. ಕಿಡಿಸಂದು ಬಿಗಿಯಾಗಿದ್ದರೆ ಬೇಗ ಹಾರಿ ಏರಿಕೆಯನ್ನು ತಡೆಯುತ್ತದೆ. ಉದ್ದನೆಯ ಕಿಡಿ ಬರಲೆಂದು ನಾವು ಸಂದನ್ನು ಅಗಲ ಮಾಡುತ್ತ ಹೋದೆವು. ವೋಲ್ಟು ಟ್ರಾನ್ಸ್‌ಫಾರ್ಮರು ತಾಳುವ ಮಿತಿ ದಾಟಿತು. ಸ್ಥಿರ ಕಿಡಿಸಂದು ಇರುವಲ್ಲಿ ಹೊಂದುವ ಅಳತೆಯ ಸುಮಾರು ಒಂದೂವರೆ ಪಟ್ಟು, ನಮ್ಮ ಲೆಕ್ಕಕ್ಕೆ 0.01 ಮೈಕ್ರೊಫ್ಯಾರಡ್, ಇಡುವುದು ಕ್ಷೇಮ.

ಒಣ ಗಾಳಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟು ತಾಳುತ್ತದೆ. ಒಂದೇ ಅಗಲವಾದ ಸಂದಿನ ಬದಲು, ತಾಮ್ರದ ಪೈಪಿನ ಏಳು ತುಂಡುಗಳನ್ನು ಸಾಲಾಗಿ ನಿಲ್ಲಿಸಿ ನಡುವೆ ಸಣ್ಣ ಆರು ಸಂದು ಬಿಡುವುದು ಮೇಲು. ಕಾರಣವಿದೆ. ಶಕ್ತಿ ದ್ವಿತೀಯ ಸುರುಳಿಗೆ ದಾಟಿದೊಡನೆ ಕಿಡಿ ಆರಬೇಕು. ಆರದಿದ್ದರೆ ತೆರೆದ ತೂಬಿನ ಮೂಲಕ ಶಕ್ತಿ ಹಿಂದಕ್ಕೆ ಬರುತ್ತದೆ. ಹಲವು ಲೋಹದ ತುಂಡುಗಳು ಕಿಡಿಯ ಬಿಸಿಯನ್ನು ಹೀರಿ ಬೇಗ ಆರಿಸುತ್ತವೆ. ಫ್ಯಾನಿನ ಗಾಳಿಯೂ ನೆರವಾಗುತ್ತದೆ.

ಕೆಪ್ಯಾಸಿಟರುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಅಳತೆ ಕಡಿಮೆಯಾಗುತ್ತದೆ, ತಾಳುವ ವೋಲ್ಟು ಕೂಡುತ್ತದೆ. 0.15 ಮೈಕ್ರೊಫ್ಯಾರಡ್, 2,000 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪ್ಯಾಸಿಟರು 15 ಸೇರಿಸಿದರೆ 0.01 ಮೈಕ್ರೊಫ್ಯಾರಡ್, 30,000 ವೋಲ್ಟು. ಪ್ರತಿಯೊಂದರ ಅಡ್ಡಲಾಗಿ 1 ಕೋಟಿ ಓಂನ, ಆ ವೋಲ್ಟು ತಾಳುವ ರೆಸಿಸ್ಟರು ಇರಲೇಬೇಕು. ವಿದ್ಯುತ್ ತೆಗೆದ ಮೇಲೆ ಏಳೆಂಟು ಸೆಕೆಂಡಿನಲ್ಲಿ ಸಂಗ್ರಹವೆಲ್ಲ ಹೆಚ್ಚುಕಡಿಮೆ ಇಳಿಯುತ್ತದೆ. ಹುಡುಗನ ಸೀಸೆಗಳಿಗೆ ಇದು ಇರಲಿಲ್ಲ. ರೆಸಿಸ್ಟರು ಇದ್ದರೂ ಅದೂ ತುಂಡಾಗಿರಬಹುದೆಂದು ತಿಳಿದು, ಕೋಲಿನ ತಂತಿಯಿಂದ ಮುಟ್ಟಿಸಿಯೇ ಕೈ ಹಾಕಬೇಕು.

ಎಚ್ಚರಿಕೆಯ ಮಾತು

ಇದನ್ನು ಓದಿ ಚಾಳಿನ ಕೋಣೆಯಲ್ಲಿ ಸುರುಳಿ ಕಟ್ಟಲು ಹೋಗಬೇಡಿ. ಈ ಟ್ರಾನ್ಸ್‌ಫಾರ್ಮರಿನ 30 ಮಿಲಿಆಂಪಿಯರೇ ಮನುಷ್ಯನನ್ನು ಕೊಲ್ಲಬಲ್ಲದು. ಕಿಡಿಯಿಂದ ಓಝೋನ್ ಮೊದಲಾದ ಘಾಟು ಅನಿಲಗಳು ಹುಟ್ಟುತ್ತವೆ. ಅದರ ಬೆಳಕು ಕಣ್ಣಿಗೆ ಕೆಡುಕು. ಹೃದಯಕ್ಕೆ ಪೇಸ್‌ಮೇಕರು ಹಾಕಿಸಿಕೊಂಡವರು ಹತ್ತಿರವೂ ಸುಳಿಯಬಾರದು. ಕಾಗದದ ಮೇಲೆ ಕಲಿಯಿರಿ. ಕಟ್ಟುವುದಾದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿ, ತಿಳಿದವರ ಎದುರಿನಲ್ಲಿ ಕಟ್ಟಿರಿ. ತಿಳಿದವರು ಎಂದಾಗ ಪದವಿ ಇರುವವರು ಎಂದಷ್ಟೇ ನಮ್ಮ ಅರ್ಥವಲ್ಲ. ಅಂದು ಹುಡುಗನ ಕೈ ಹಿಡಿದ ಕಾಕಾ ಶಾಲೆಗೆ ಹೋದದ್ದು ನಾಲ್ಕನೆಯ ಇಯತ್ತೆಯವರೆಗೆ.

ವಾಚನಾಲಯದಲ್ಲಿರುವ ಆ ಹಿಂದಿನ ಸಂಚಿಕೆಯ ಚಿತ್ರದ ಮೇಲೆ ತಿದ್ದಿದ ಚಿತ್ರದ ಚೀಟಿಯನ್ನು ಅಂಟಿಸಿದ್ದೇವೆ. ಮನೆಗೆ ಒಯ್ದವರು ದಯವಿಟ್ಟು ತಮ್ಮ ಪ್ರತಿಯಲ್ಲೂ ತಿದ್ದಿಕೊಳ್ಳಬೇಕು. ಟ್ರಾನ್ಸ್‌ಫಾರ್ಮರಿನ ಬೆಲೆಯಲ್ಲಿ ಅರ್ಧವನ್ನು ನಾವು ಕೊಡುತ್ತೇವೆಂದೆವು. ಹುಡುಗ ಹಣ ಬೇಡವೆಂದು, ಬದಲಿಗೆ ಪ್ರತಿ ಭಾನುವಾರ ಜೊತೆಗೆ ಕುಳಿತು ಲೆಕ್ಕ ಕಲಿಸಬೇಕೆಂದು ಕೇಳಿದ್ದಾನೆ. ಬೆಳಿಗ್ಗೆ ಹತ್ತಕ್ಕೆ ಕುಳಿತುಕೊಳ್ಳುತ್ತೇವೆ. ಕಾಕಾ ಕೂಡ ಬರುತ್ತಾರೆ. ಆಸಕ್ತರು ಬರಬಹುದು, ಶುಲ್ಕವಿಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಎರಡೂ ಚಿತ್ರಗಳನ್ನು ನೋಡದೆ ಬರೆಯಿರಿ. ಕಿಡಿ ಹಾರಿದಾಗ ಅ ಮತ್ತು ಬಗಳ ನಡುವೆ ಏನಿರುತ್ತದೆ ಎಂದು ಎರಡರಲ್ಲೂ ಗುರುತಿಸಿರಿ.

2. ಟ್ರಾನ್ಸ್‌ಫಾರ್ಮರು 10,000 ವೋಲ್ಟಿನದಾಗಿದ್ದು ಕೆಪ್ಯಾಸಿಟರು 0.01 ಮೈಕ್ರೊಫ್ಯಾರಡ್ ಇದ್ದರೆ, ಶಿಖರದಲ್ಲಿ ಸಂಗ್ರಹವಾಗುವ ಶಕ್ತಿ ಎಷ್ಟು? (ಉತ್ತರ: 1 ಜೂಲ್.)

3. ಸ್ವಿಚ್ಚು ತೆಗೆದು ಪ್ಲಗ್ಗು ಕಿತ್ತ ಮೇಲೂ ಕೆಪ್ಯಾಸಿಟರನ್ನು ಮುಟ್ಟಬಾರದು, ಏಕೆ? ನಿಮ್ಮ ಮನೆಯ ಚಿಕ್ಕವರಿಗೆ ತಿಳಿಯುವಂತೆ ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.

ಮೂರನೆಯ ಪ್ರಶ್ನೆಯ ಉತ್ತರಗಳನ್ನು ಗ್ರಂಥಪಾಲಕರ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಹಾಕಿರಿ. ಚೆನ್ನಾಗಿರುವುದನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಪ್ರಾಥಮಿಕ ಮತ್ತು ದ್ವಿತೀಯ ಸುರುಳಿಗಳ ಶ್ರುತಿ ಕೂಡಿಸುವ ಬಗೆಯನ್ನೂ ಆಗಲೇ ನೋಡೋಣ.